ಏಳು ದಿನ ಬದುಕುವ ಜೋಕುಮಾರ

ಮನೆಯ ಗಣಪ್ಪನನ್ನು ಹಳ್ಳಕ್ಕೋ ಬಾವಿಗೋ ಕಳಿಸಿ ಎರಡು ಮೂರು ದಿನ ಕಳೆದಿರುತ್ತದೆ. ಅಷ್ಟರಲ್ಲಿ ಓಣಿಯ ತುದಿಯಿಂದ ಹೆಂಗಸರ ಹಾಡು ಕೇಳಿಸುತ್ತದೆ. ನಾಲ್ಕೈದು ಮಂದಿ ಬರುತ್ತಾರೆ. ಒಬ್ಬಳ ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬಿದಿರಿನ ಬುಟ್ಟಿ, ಬುಟ್ಟಿಯ ತುಂಬ ಹಸಿ ಬೇವಿನ ತಪ್ಪಲು. ಮನೆಯ ಮುಂದಿನ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ತಪ್ಪಲು ಸರಿಸಿದರೆ ಒಳಗಿನಿಂದ ಮಣ್ಣಿನ ಮುಖವೊಂದು ನೋಡುತ್ತದೆ. ಅಗಲ ಕಣ್ಣು, ತೆರೆದ ಬಾಯಿ, ತುಟಿಗೆ ಮೆತ್ತಿದ ಬೆಣ್ಣೆ. ಮನೆಯ ಹಿರಿಯಳು ಮೊರದಲ್ಲಿ ಜೋಳ ತುಂಬಿಕೊಂಡು ಹೊರಗೆ ಬರುತ್ತಾಳೆ. ಮಕ್ಕಳು ಬುಟ್ಟಿಯೊಳಗೆ ಇಣುಕಿ, ಹೆದರಿ ಹಿಂದೆ ಸರಿಯುತ್ತವೆ, ಮತ್ತೆ ಇಣುಕುತ್ತವೆ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ, ಒಟ್ಟು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಭಾದ್ರಪದ ಮಾಸದಲ್ಲಿ ಹೀಗೆ ಮನೆಮನೆಗೆ ಬರುವವನು ಜೋಕುಮಾರಸ್ವಾಮಿ. ಅಷ್ಟಮಿಯಂದು ಹುಟ್ಟಿ ಹುಣ್ಣಿಮೆಯಂದು ಸಾಯುತ್ತಾನೆ. ಏಳೇ ದಿನದ ಆಯುಷ್ಯ. ಅವನಿಗೆ ಗುಡಿಯಿಲ್ಲ, ಪೂಜಾರಿಯಿಲ್ಲ, ಮಂತ್ರವಿಲ್ಲ. ಹುಟ್ಟಿಸುವವರು, ಹೊರುವವರು, ಹಾಡುವವರು, ಕೊಲ್ಲುವವರು, ಅಳುವವರು ಎಲ್ಲರೂ ಊರಿನ ದುಡಿಯುವ ಜನ.

ಮಣ್ಣಿನ ದೇವರ ಸಾಲಿನಲ್ಲಿ ಕೊನೆಯವನು

ಉತ್ತರ ಕರ್ನಾಟಕದ ಮಳೆಗಾಲವೆಂದರೆ ಮಣ್ಣಿನ ದೇವರುಗಳ ಕಾಲ. ಕಾರಹುಣ್ಣಿಮೆ ಮುಗಿದ ಮೇಲೆ ಬರುವ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಗುಳ್ಳವ್ವನನ್ನು ಕೂಡಿಸುತ್ತಾರೆ. ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದ ಚೌತಿಗೆ ಗಣಪ್ಪ. ಈ ಸಾಲಿನ ಐದನೆಯವನು, ಕೊನೆಯವನು ಜೋಕುಮಾರ. ಮೊದಲ ಮಳೆಗೆ ನೆಲ ಹದಗೊಂಡಾಗ ಶುರುವಾಗುವ ಈ ಪೂಜೆಗಳು ಹಿಂಗಾರಿ ಬಿತ್ತನೆಯ ಹೊಸ್ತಿಲಿಗೆ ಬಂದು ನಿಲ್ಲುತ್ತವೆ. ಎಲ್ಲದರಲ್ಲೂ ಕೆಲಸ ಒಂದೇ: ಹೊಲ, ಕೆರೆ, ಹಳ್ಳದ ಮಣ್ಣನ್ನು ತಂದು ಮೂರ್ತಿ ಮಾಡುವುದು, ಪೂಜೆ ಮುಗಿದ ಮೇಲೆ ನೀರಿಗೆ, ನೆಲಕ್ಕೆ ಮರಳಿಸುವುದು.

ಉಳಿದ ನಾಲ್ವರು ಮನೆಯ ಜಗಲಿಯ ಮೇಲೋ ಓಣಿಯ ಕಟ್ಟೆಯ ಮೇಲೋ ಕುಳಿತು ಪೂಜೆಗೊಳ್ಳುತ್ತಾರೆ. ಜೋಕುಮಾರ ಕುಳಿತವನಲ್ಲ, ತಿರುಗುವವನು. ಅವನನ್ನು ಏಳೂರು ತಿರುಗಿಸಬೇಕೆಂಬುದು ಪದ್ಧತಿ. ಅವನು ಸಾಯುವ ಹುಣ್ಣಿಮೆ ಪಂಚಾಂಗದಲ್ಲಿ ಅನಂತನ ಹುಣ್ಣಿಮೆ. ಈ ಭಾಗದ ಒಕ್ಕಲು ಮನೆಗಳಲ್ಲಿ ಅದಕ್ಕೆ ಜೋಕುಮಾರನ ಹುಣ್ಣಿಮೆ ಎಂದೇ ಹೆಸರು. ಕಾರಹುಣ್ಣಿಮೆ, ಕಡ್ಲಿಗಡಬಿನ ಹುಣ್ಣಿಮೆ, ನೂಲ ಹುಣ್ಣಿಮೆಗಳ ಬೆನ್ನಿಗೆ ಅದು ಬರುತ್ತದೆ, ಅದರ ಬೆನ್ನಿಗೆ ಶೀಗಿ ಹುಣ್ಣಿಮೆ.

ತಿದ್ದುವವರು, ಹೊರುವವರು

ಮೂರ್ತಿಯನ್ನು ಕೆಲವು ಊರುಗಳಲ್ಲಿ ಕುಂಬಾರರು, ಕೆಲವೆಡೆ ಬಡಿಗೇರರು ತಿದ್ದುತ್ತಾರೆ. ಹೊರುವ ಹಕ್ಕು ಹೆಚ್ಚಾಗಿ ಅಂಬಿಗೇರ, ತಳವಾರ, ಬಾರಕೇರ ಮನೆತನಗಳ ಹೆಂಗಸರದು. ಈ ಹಕ್ಕು ಅತ್ತೆಯಿಂದ ಸೊಸೆಗೆ ಬರುತ್ತದೆ. ಯಾವ ಮನೆತನಕ್ಕೆ ಯಾವ ಊರುಗಳು ಎಂಬುದು ಮೊದಲೇ ಗೊತ್ತಾಗಿರುತ್ತದೆ. ಕೃಷ್ಣೆ ಮತ್ತು ಘಟಪ್ರಭೆಯ ದಂಡೆಯ ಈ ನಾಡಿನಲ್ಲಿ ಹರಿಗೋಲು ಹಾಕಿ, ಮೀನು ಹಿಡಿದು ಬದುಕಿದ ಅಂಬಿಗರಿಗೆ ಮಳೆ ತರುತ್ತಾನೆಂದು ನಂಬುವ ಈ ದೇವರನ್ನು ಹೊರುವ ಕೆಲಸ ಬಂದದ್ದು ಸಹಜವಾಗಿಯೇ ಕಾಣುತ್ತದೆ. ಹೊಳೆಯ ಏರಿಳಿತ ಅವರಷ್ಟು ಹತ್ತಿರದಿಂದ ನೋಡಿದವರು ಊರಿನಲ್ಲಿ ಬೇರೆ ಯಾರಿದ್ದಾರೆ?

ಮೂರ್ತಿ ಗಿಡ್ಡ, ಬಲಿಷ್ಠ. ಮುಖಕ್ಕೆ ಹೋಲಿಸಿದರೆ ಕಣ್ಣು, ಬಾಯಿ ದೊಡ್ಡವು. ಪುರುಷಾಂಗವನ್ನು ಎದ್ದು ಕಾಣುವಂತೆ ತಿದ್ದುತ್ತಾರೆ. ಅದನ್ನು ಮುಚ್ಚಿಡುವುದೂ ಇಲ್ಲ, ಅದರ ಬಗ್ಗೆ ನಾಚುವುದೂ ಇಲ್ಲ. ಬೀಜ ಮತ್ತು ಬೆಳೆಯ ಮಾತನ್ನು ಹೆಂಗಸರೇ ಹಾಡಿನಲ್ಲಿ ಬಿಚ್ಚಿ ಹೇಳುವ ಏಳು ದಿನಗಳಿವು. ವರ್ಷದ ಉಳಿದ ದಿನಗಳಲ್ಲಿ ಹಿರಿಯರ ಮುಂದೆ ಸೆರಗು ಹೊದ್ದು ನಿಲ್ಲುವವರು ಜೋಕುಮಾರನ ಪುಂಡಾಟಿಕೆಯ ಹಾಡನ್ನು ನಡು ಓಣಿಯಲ್ಲಿ ದನಿಯೆತ್ತಿ ಹಾಡುತ್ತಾರೆ. ಗಂಡಸರು ಕಟ್ಟೆಯ ಮೇಲೆ ಕುಳಿತು ಕೇಳುತ್ತಾರೆ, ಯಾರೂ ಬೇಡವೆನ್ನುವುದಿಲ್ಲ.

ಮೊರದ ಜೋಳ, ಹೊಲದ ನುಚ್ಚು

ಬುಟ್ಟಿ ಇಳಿದ ಮನೆಯಲ್ಲಿ ನಡೆಯುವುದು ಕೊಡು-ಕೊಳ್ಳುವ ವ್ಯವಹಾರ. ಮನೆಯಾಕೆ ಮೊರದಲ್ಲಿ ಜೋಳ ತರುತ್ತಾಳೆ. ಜೊತೆಗೆ ಒಣಮೆಣಸಿನಕಾಯಿ, ಉಪ್ಪು, ಹುಣಸೆಹಣ್ಣು, ಇದ್ದಷ್ಟು ಅಕ್ಕಿ. ಬೆರಳಿನ ತುದಿಯಲ್ಲಿ ಬೆಣ್ಣೆ ತೆಗೆದು ಜೋಕುಮಾರನ ಬಾಯಿಗೆ ಒರೆಸುತ್ತಾಳೆ. ಮಕ್ಕಳಿಲ್ಲದವರು ಮಕ್ಕಳಾಗಲೆಂದು ಬೇಡಿಕೊಂಡು ಬೆಣ್ಣೆ ಹಚ್ಚುವುದುಂಟು. ಹೊತ್ತು ತಂದವರು ಬುಟ್ಟಿಯ ಸುತ್ತ ಕುಳಿತು ಹಾಡುತ್ತಾರೆ. ಒಬ್ಬಳು ಸೊಲ್ಲು ಹೇಳಿದರೆ ಉಳಿದವರು ಎತ್ತಿಕೊಳ್ಳುತ್ತಾರೆ. ಮಳೆ ಬಂದದ್ದು, ಕೆರೆ ತುಂಬಿದ್ದು, ಜೋಕುಮಾರ ಹುಟ್ಟಿದ್ದು, ಬೆಳೆದದ್ದು, ಊರು ತಿರುಗಿ ಕಾಡಿದ್ದು, ಕಡೆಗೆ ಸತ್ತದ್ದು ಎಲ್ಲವೂ ಹಾಡಿನೊಳಗೆ ಬರುತ್ತವೆ.

ಹಾಡು ಮುಗಿದ ಮೇಲೆ ಮೊರ ಬರಿದಾಗಿ ಒಳಗೆ ಹೋಗುವುದಿಲ್ಲ. ಅದರಲ್ಲಿ ಬೇವಿನ ಎಸಳು, ಒಂದಿಷ್ಟು ನುಚ್ಚು ಅಥವಾ ಅಂಬಲಿ ಹಾಕಿಕೊಡುತ್ತಾರೆ. ಮಕ್ಕಳ ಹಣೆಗೆ ಕಾಡಿಗೆ ಹಚ್ಚುತ್ತಾರೆ. ಆ ನುಚ್ಚನ್ನು ಮನೆಯ ಯಜಮಾನ ಹೊಲಕ್ಕೆ ಒಯ್ದು ನಿಂತ ಬೆಳೆಯ ಮೇಲೆ, ಹೊಲದ ಮೂಲೆಗಳಿಗೆ ಚೆಲ್ಲುತ್ತಾನೆ. ಬೆಳೆಗೆ ರೋಗ, ಹುಳ ಬರುವುದಿಲ್ಲ, ತೆನೆ ತುಂಬುತ್ತದೆ ಎಂಬುದು ನಂಬಿಕೆ. ಹೀಗೆ ಹೊಲದಿಂದ ಬಂದ ಕಾಳು ದೇವರ ಬುಟ್ಟಿಗೆ ಸೇರುತ್ತದೆ, ದೇವರ ಬುಟ್ಟಿಯ ಕಾಳು ಮತ್ತೆ ಹೊಲಕ್ಕೆ ಇಳಿಯುತ್ತದೆ. ಭೂಮಿ ಇಲ್ಲದ ಮನೆತನದ ಹೆಂಗಸರು ಈ ಸುತ್ತಿನ ನಡುವೆ ನಿಂತು ಅದನ್ನು ನಡೆಸುತ್ತಾರೆ. ಏಳು ದಿನದಲ್ಲಿ ಕೂಡಿದ ಧಾನ್ಯ ಅವರ ಪಾಲು. ಬರದ ವರ್ಷದಲ್ಲಿ, ಸುಗ್ಗಿ ಇನ್ನೂ ದೂರವಿರುವ ಭಾದ್ರಪದದಲ್ಲಿ, ಆ ಜೋಳದ ಬೆಲೆ ಎಷ್ಟೆಂಬುದನ್ನು ಹಸಿದ ಮನೆಗಳೇ ಬಲ್ಲವು.

ಗಣಪ್ಪ ಒಯ್ದ ಸುದ್ದಿ, ಜೋಕುಮಾರ ಒಯ್ದ ಸುದ್ದಿ

ಜೋಕುಮಾರನ ಹುಟ್ಟಿನ ಬಗ್ಗೆ ಕಥೆಗಳು ಊರಿಂದ ಊರಿಗೆ ಬದಲಾಗುತ್ತವೆ. ಆದರೆ ಅವನು ಯಾಕೆ ಬರುತ್ತಾನೆ ಎಂಬ ಕಥೆ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ.

ಗಣಪ್ಪ ಭೂಮಿಗೆ ಬರುತ್ತಾನೆ. ಜನ ಇದ್ದುದರಲ್ಲೇ ಒಳ್ಳೆಯದನ್ನು ಮಾಡಿ ಬಡಿಸುತ್ತಾರೆ: ಕಡಬು, ಹೋಳಿಗೆ, ಮೋದಕ. ಉಂಡು ಕೈಲಾಸಕ್ಕೆ ಮರಳಿದ ಗಣಪ್ಪ ಶಿವನಿಗೆ, ಭೂಲೋಕದಲ್ಲಿ ಎಲ್ಲರೂ ಸುಖವಾಗಿದ್ದಾರೆ, ಹೊಟ್ಟೆ ತುಂಬ ಉಣ್ಣುತ್ತಿದ್ದಾರೆ ಎಂದು ವರದಿ ಒಪ್ಪಿಸುತ್ತಾನೆ. ಅವನು ಸುಳ್ಳು ಹೇಳಿದ್ದಲ್ಲ, ಕಂಡದ್ದನ್ನೇ ಹೇಳಿದ್ದು. ಅತಿಥಿಯ ಎಲೆಯ ಮುಂದೆ ಯಾವ ಮನೆಯೂ ತನ್ನ ಬಡತನ ಬಿಚ್ಚಿಡುವುದಿಲ್ಲ.

ಅವನ ಹಿಂದೆಯೇ ಜೋಕುಮಾರ ಬರುತ್ತಾನೆ. ಅವನು ಕುಳಿತು ಉಣ್ಣುವುದಿಲ್ಲ, ಬಿಸಿಲು ಮಳೆಯೆನ್ನದೆ ಬುಟ್ಟಿಯಲ್ಲಿ ಊರೂರು ಸುತ್ತುತ್ತಾನೆ. ಬಾಡಿದ ಪೈರು, ಬತ್ತಿದ ಹಳ್ಳ, ಮೇವಿಲ್ಲದ ದನ, ಕಾಳಿಲ್ಲದ ಹಗೇವು ನೋಡುತ್ತಾನೆ. ಸತ್ತು ಶಿವನ ಹತ್ತಿರ ಹೋದಾಗ ಅದನ್ನೆಲ್ಲ ಹೇಳುತ್ತಾನೆ. ಶಿವ ಮನಸ್ಸು ಕರಗಿ ಮಳೆ ಕಳಿಸುತ್ತಾನೆ.

ಈ ಇಡೀ ಆಚರಣೆಯ ಜೀವ ಇರುವುದು ಈ ಎರಡು ವರದಿಗಳ ನಡುವಿನ ಅಂತರದಲ್ಲಿ. ಹಬ್ಬದ ದಿನದ ಊರನ್ನು ನೋಡಿ ಊರಿನ ಸ್ಥಿತಿ ತಿಳಿಯುವುದಿಲ್ಲ ಎಂಬ ಅರಿವು ಈ ಕಥೆ ಕಟ್ಟಿದವರಿಗೆ ಇತ್ತು. ಕಷ್ಟದ ಸುದ್ದಿಯನ್ನು ಮುಟ್ಟಬೇಕಾದಲ್ಲಿಗೆ ಮುಟ್ಟಿಸಲು ಅವರು ಇನ್ನೊಬ್ಬ ದೇವರನ್ನೇ ಮಾಡಿಕೊಂಡರು. ಅವನು ಪುಂಡ, ಹೆಣ್ಣುಮಕ್ಕಳ ಬೆನ್ನು ಹತ್ತುವವನು, ಸಭ್ಯ ದೇವರ ಸಾಲಿಗೆ ಸೇರದವನು. ಆದರೂ ನಿಜ ಹೇಳುವ ಕೆಲಸವನ್ನು ಅವನಿಗೇ ಒಪ್ಪಿಸಿದರು.

ಉತ್ತರಿ ಮಳೆಯ ಲೆಕ್ಕ

ಈ ಕಥೆ ಇಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿದ್ದಕ್ಕೆ ಕಾರಣ ಹವಾಮಾನದಲ್ಲಿದೆ. ಬಾಗಲಕೋಟೆ ಜಿಲ್ಲೆ ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿದೆ. ವರ್ಷದ ಸರಾಸರಿ ಮಳೆ 600 ಮಿಲಿಮೀಟರಿಗಿಂತ ಕಡಿಮೆ. ಮಲೆನಾಡಿನಲ್ಲಿ ಜುಲೈ ತಿಂಗಳು ಸುರಿದರೆ ಇಲ್ಲಿ ದೊಡ್ಡ ಮಳೆ ಬರುವುದು ಸೆಪ್ಟೆಂಬರಿನಲ್ಲಿ. ಹುಬ್ಬಿ, ಉತ್ತರಿ, ಹಸ್ತ ಮಳೆಗಳು ಸುರಿದು ಎರಿಭೂಮಿ ಆಳದವರೆಗೆ ನೆನೆದರೆ ಮಾತ್ರ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ ಬಿತ್ತಬಹುದು. ಆ ಬೆಳೆಗಳಿಗೆ ಮುಂದೆ ಮಳೆಯ ಆಸರೆ ಇಲ್ಲ, ನೆಲ ಹಿಡಿದಿಟ್ಟ ತೇವ ಮತ್ತು ಚಳಿಯ ಇಬ್ಬನಿಯಲ್ಲೇ ಅವು ತೆನೆಗಟ್ಟಬೇಕು. ಜೋಕುಮಾರನ ಏಳು ದಿನಗಳು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಕೊನೆಯ ನಡುವೆ ಬರುತ್ತವೆ. ವರ್ಷದ ರೊಟ್ಟಿ ಇದೆಯೋ ಇಲ್ಲವೋ ಎಂದು ತೀರ್ಮಾನವಾಗುವ ಹೊತ್ತದು.

ಮಳೆ ತಪ್ಪಿದರೆ ಏನಾಗುತ್ತದೆಂಬುದನ್ನು ಈ ನಾಡು ಹಲವು ಸಲ ಕಂಡಿದೆ. 1876–78ರ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆ ಅತಿ ಹೆಚ್ಚು ನಲುಗಿದ ಪ್ರದೇಶಗಳಲ್ಲೊಂದು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ, ಸುತ್ತಲಿನದು ಬ್ರಿಟಿಷರ ಆಡಳಿತ. ಬರಕ್ಕೆ ಈ ಗಡಿಗಳೇನೂ ಅಡ್ಡ ಬರಲಿಲ್ಲ. 1972ರ ಸುಮಾರಿನ ಬರವನ್ನು ನೆನೆಯುವವರು ಇಂದಿಗೂ ಇದ್ದಾರೆ. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆ ವರ್ಷ ಜೋಕುಮಾರನ ಹುಣ್ಣಿಮೆ ಬಂದದ್ದು ಸೆಪ್ಟೆಂಬರ್ 29ಕ್ಕೆ, ಬರದ ಮೊದಲ ಪಟ್ಟಿ ಹೊರಬಿದ್ದ ತಿಂಗಳಲ್ಲೇ.

ಹುಣ್ಣಿಮೆಯ ರಾತ್ರಿ

ಏಳು ದಿನ ಬೆಣ್ಣೆ ತಿಂದು ಮೆರೆದವನ ಸಾವು ಕ್ರೂರವಾದದ್ದು. ಹಾಡಿನ ಕಥೆಯಲ್ಲಿ ಜೋಕುಮಾರ ಕಂಡ ಕಂಡ ಹೆಣ್ಣನ್ನು ಮೋಹಿಸುತ್ತಾನೆ. ಕೊನೆಗೆ ಅಗಸರ ಹೆಣ್ಣಿನ ಮೇಲೆ ಕಣ್ಣು ಹಾಕಿದಾಗ ಅವಳ ಮನೆಯವರು ಅವನನ್ನು ಕೊಲ್ಲುತ್ತಾರೆ. ಆಚರಣೆಯಲ್ಲಿ ಕೊಲ್ಲುವವರು ಯಾರು, ಎಲ್ಲಿ ಎಂಬುದು ಊರೂರಿಗೆ ಬೇರೆ. ಹಲವು ಊರುಗಳಲ್ಲಿ ಇದು ನಡೆಯುವುದು ದಲಿತರ ಕೇರಿಯಲ್ಲಿ.

ಹುಣ್ಣಿಮೆಯ ರಾತ್ರಿ ಊರು ಮಲಗಿದ ಮೇಲೆ ಮೂರ್ತಿಯನ್ನು ಅಲ್ಲಿಗೆ ಒಯ್ದು ನಡುವೆ ಇಡುತ್ತಾರೆ. ಸುತ್ತ ಮುಳ್ಳಿನ ಕಂಟಿ ಹರಡುತ್ತಾರೆ. ಹೆಂಗಸರು ಹಾಡುತ್ತಾ ಅವನ ಸುತ್ತ ತಿರುಗುತ್ತಾರೆ. ಹಾಡಿನ ಓಟ ಹೆಚ್ಚಿದಂತೆ ಸುತ್ತೂ ಬಿರುಸಾಗುತ್ತದೆ. ಯಾವಳದೋ ಸೀರೆಯ ಅಂಚು ಮುಳ್ಳಿಗೆ ಸಿಕ್ಕು ಎಳೆದಂತಾಗುತ್ತದೆ. ಜೋಕುಮಾರ ಸೀರೆ ಹಿಡಿದ ಎಂಬ ಕೂಗು ಏಳುತ್ತದೆ. ಕಾದು ನಿಂತ ಗಂಡಸರು ಒನಕೆ ಎತ್ತಿ ಅವನ ತಲೆಗೆ ಹೊಡೆಯುತ್ತಾರೆ. ರುಂಡ ಒಡೆಯುತ್ತದೆ. ಹೆಂಗಸರು ಅಲ್ಲಿ ನಿಲ್ಲದೆ, ಹಿಂತಿರುಗಿ ನೋಡದೆ ಮನೆಗೆ ಓಡುತ್ತಾರೆ. ಏಳು ದಿನ ತಲೆಯ ಮೇಲೆ ಹೊತ್ತವರು ಅವನ ಹೆಣ ನೋಡುವಂತಿಲ್ಲ.

ಕಾಳು ಕುಟ್ಟುವ ಒನಕೆಯೇ ಇಲ್ಲಿ ಆಯುಧ. ಜೋಳದ ದೇವರು ಜೋಳದಂತೆಯೇ ಒಡೆಯಬೇಕು.

ಈ ರಾತ್ರಿಯಲ್ಲಿ ಊರಿನ ಜಾತಿ ಕಟ್ಟು ಪೂರ್ತಿ ಕಾಣಿಸುತ್ತದೆ. ಮಣ್ಣು ತಿದ್ದುವವರು, ಹೊರುವವರು, ಕಾಳು ಕೊಡುವವರು, ಕೊಲ್ಲುವವರು, ಹೆಣ ಎತ್ತುವವರು, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಪಾಲು. ಇದನ್ನು ಊರಿನ ಒಗ್ಗಟ್ಟೆಂದು ಹೊಗಳುವುದು ಸುಲಭ. ಆದರೆ ಬೆಣ್ಣೆ ಹಚ್ಚುವ ಶುಭದ ಕೆಲಸ ಒಕ್ಕಲು ಮನೆಯ ಅಂಗಳಕ್ಕೆ, ಕೊಲೆಯ ಮೈಲಿಗೆ ಊರ ಹೊರಗಿನ ಕೇರಿಗೆ ಹಂಚಿಹೋಗಿರುವುದನ್ನೂ ನೋಡಬೇಕು. ಆಚರಣೆ ಊರನ್ನು ಕಟ್ಟಿದ್ದು ನಿಜ, ಊರು ಹೇಗಿತ್ತೋ ಹಾಗೆಯೇ ಕಟ್ಟಿದ್ದೂ ನಿಜ.

ಅಗಸರ ಮೂರು ದಿನ

ಬೆಳಗಿನ ಜಾವ ಮಡಿವಾಳರು ಬಟ್ಟೆ ಒಗೆಯಲು ಹೊಳೆಗೆ ಬಂದಾಗ ಅವರಿಗೆ ಹೆಣ ಸಿಗುತ್ತದೆ ಎನ್ನುತ್ತದೆ ಕಥೆ. ಅದರಂತೆ ಒಡೆದ ಮೂರ್ತಿ ಹೊಳೆ ಅಥವಾ ಹಳ್ಳದ ದಂಡೆ ಸೇರುತ್ತದೆ. ಮೂರು ದಿನ ಅಗಸರು ಬಟ್ಟೆ ಒಗೆಯುವುದಿಲ್ಲ. ಒಗೆಯುವ ಕಲ್ಲಿನ ಕೆಳಗಿನಿಂದ ಜೋಕುಮಾರನ ನರಳಾಟ ಕೇಳುತ್ತದೆಂಬುದು ನಂಬಿಕೆ. ಕೊಂದ ಊರೇ ಸೂತಕ ಹಿಡಿದು ಕೂರುತ್ತದೆ. ಹೊತ್ತು ತಿರುಗಿದ ಹೆಂಗಸರು ಕೂಡಿಸಿದ ಧಾನ್ಯದಲ್ಲಿ ಅಡುಗೆ ಮಾಡಿ ಅವನ ದಿನ ಮಾಡುತ್ತಾರೆ. ಸತ್ತವನು ಅಷ್ಟರೊಳಗೆ ಕೈಲಾಸ ಮುಟ್ಟಿರುತ್ತಾನೆ, ಸುದ್ದಿ ಹೇಳಿರುತ್ತಾನೆ. ಆಮೇಲೆ ಬರುವ ಮಳೆ ಅವನು ಕಳಿಸಿದ್ದು. ಅವನಿಗೆ ಮರುಹುಟ್ಟೆಂದರೆ ಮುಂದಿನ ಭಾದ್ರಪದದ ಹೊಸ ಮಣ್ಣು.

ದೂರದ ಬಂಧುಗಳು

ಸತ್ತು ಬೆಳೆ ಕೊಡುವ ಎಳೆಯ ದೇವರು ಜಗತ್ತಿನ ಹಲವೆಡೆ ಇದ್ದಾನೆ. 1890ರಲ್ಲಿ ಮೊದಲು ಪ್ರಕಟವಾದ ಜೇಮ್ಸ್ ಫ್ರೇಜರನ ‘ದಿ ಗೋಲ್ಡನ್ ಬೋ’ ಅಂಥವರ ಕಥೆಗಳನ್ನು ಒಟ್ಟು ಮಾಡಿತು. ಮೆಸೊಪೊಟೇಮಿಯದ ತಮ್ಮೂಜನಿಗಾಗಿ ಹೆಂಗಸರು ಅಳುತ್ತಿದ್ದುದು ಬೈಬಲ್ಲಿನ ಎಜೆಕಿಯೇಲನ ಗ್ರಂಥದಲ್ಲೇ ದಾಖಲಾಗಿದೆ. ಗ್ರೀಕ್ ಹೆಂಗಸರು ಅಡೋನಿಸನ ಹೆಸರಿನಲ್ಲಿ ಕುಂಡಗಳಲ್ಲಿ ಕಾಳು ಮೊಳೆಯಿಸಿ, ಅವನ ಸಾವಿಗೆ ಅತ್ತು, ಮೊಳಕೆಯನ್ನು ನೀರಿಗೆ ಬಿಡುತ್ತಿದ್ದರು. ಇಟಲಿಯ ಸಿಸಿಲಿಯಲ್ಲಿ ಈಸ್ಟರ್ ಹಬ್ಬಕ್ಕೆ ಮೊದಲು ಹೆಂಗಸರು ತಟ್ಟೆಯಲ್ಲಿ ಗೋದಿ ಬಿತ್ತಿ, ಕತ್ತಲೆಯಲ್ಲಿಟ್ಟು ಬೆಳೆಸಿ, ಶುಭ ಶುಕ್ರವಾರದಂದು ಕ್ರಿಸ್ತನ ಸಮಾಧಿಯ ಮುಂದೆ ಇಡುವ ಪದ್ಧತಿಯನ್ನು ಫ್ರೇಜರ್ ಇದರೊಡನೆ ಹೋಲಿಸಿದ. ಅಲ್ಲಿ ಸಾವಿನ ಮೂರನೆಯ ದಿನ ಪುನರುತ್ಥಾನ, ಇಲ್ಲಿ ಅಗಸರ ಮೂರು ದಿನದ ಸೂತಕ.

ಒಂದು ಇನ್ನೊಂದರಿಂದ ಬಂದಿತೆನ್ನಲು ಆಧಾರವಿಲ್ಲ, ಅಂಥ ನಂಟು ಹುಡುಕುವ ಅಗತ್ಯವೂ ಇಲ್ಲ. ಕಾಳನ್ನು ನೆಲದಲ್ಲಿ ಹೂತು ಕಾಯುವ ಜನ ಎಲ್ಲಿದ್ದರೂ ಇಂಥ ಕಥೆ ಕಟ್ಟಿಯಾರು. ವ್ಯತ್ಯಾಸವಿರುವುದು ಕಾಲದಲ್ಲಿ. ಈಸ್ಟರ್ ಆಚರಿಸುವ ನಾಡುಗಳಲ್ಲಿ ದೇವರು ವಸಂತದ ಹುಣ್ಣಿಮೆಯ ಆಸುಪಾಸಿನಲ್ಲಿ ಏಳುತ್ತಾನೆ. ಎರಿಭೂಮಿಯ ನಾಡಿನಲ್ಲಿ ಮಳೆಗಾಲದ ಹುಣ್ಣಿಮೆಗೆ ಸಾಯುತ್ತಾನೆ.

ರಂಗದ ಮೇಲೆ ಬಂದ ಜೋಕುಮಾರ

ಓಣಿಯ ಈ ದೇವರನ್ನು ನಾಡಿನ ತುಂಬ ಪರಿಚಯಿಸಿದವರು ಚಂದ್ರಶೇಖರ ಕಂಬಾರರು. ಮುಧೋಳದ ಪಕ್ಕದಲ್ಲಿ ಹರಿಯುವ ಅದೇ ಘಟಪ್ರಭೆಯ ಮೇಲ್ದಂಡೆಯ ಘೋಡಗೇರಿ ಅವರ ಊರು. ‘ಜೋಕುಮಾರಸ್ವಾಮಿ’ ನಾಟಕ 1972ರದು. ಅದರಲ್ಲಿ ಊರಿನ ಗೌಡ ಭೂಮಿಯ ಒಡೆಯ, ಆದರೆ ನಪುಂಸಕ. ಗೌಡ್ತಿ ಮಗುವಿಗಾಗಿ ಜೋಕುಮಾರನ ಮೊರೆ ಹೋಗುತ್ತಾಳೆ. ಅವಳು ಗಂಡನಿಗೆಂದು ಮಾಡಿದ ಪಡುವಲಕಾಯಿಯ ಪಲ್ಯ ಗೌಡನ ಬದಲು ಬಸಣ್ಣನೆಂಬ ರೈತನ ಹೊಟ್ಟೆ ಸೇರುತ್ತದೆ. ಕೊನೆಗೆ ಬಸಣ್ಣನ ಕೊಲೆಯಾಗುತ್ತದೆ. ಉಳುವವನೇ ನೆಲದ ನಿಜವಾದ ಗಂಡು ಎಂಬ ಮಾತನ್ನು ಕಂಬಾರರು ಈ ಆಚರಣೆಯೊಳಗಿನಿಂದಲೇ ಎತ್ತಿದರು. ಉಳುವವನಿಗೇ ಭೂಮಿ ಕೊಡುವ ತಿದ್ದುಪಡಿ ಕಾಯ್ದೆ ಕರ್ನಾಟಕದಲ್ಲಿ ಜಾರಿಗೆ ಬಂದದ್ದು ಎರಡು ವರ್ಷದ ನಂತರ, 1974ರಲ್ಲಿ.

ನೀರು ಬಂದ ಮೇಲೆ

ಇಂದು ಈ ನಾಲ್ಕು ತಾಲ್ಲೂಕುಗಳ ನೋಟ ಬದಲಾಗಿದೆ. ಹಿಡಕಲ್ ಜಲಾಶಯದ ಕಾಲುವೆಗಳು, ಹಿಪ್ಪರಗಿ ಬ್ಯಾರೇಜು, ಕೊಳವೆಬಾವಿಗಳಿಂದ ಮುಧೋಳ, ಜಮಖಂಡಿ ಭಾಗ ಕಬ್ಬಿನ ನಾಡಾಗಿದೆ. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಬಳಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ವಂತಿಗೆ ಹಾಕಿ, ಶ್ರಮದಾನ ಮಾಡಿ ಕೃಷ್ಣೆಗೆ ಬ್ಯಾರೇಜು ಕಟ್ಟಿಕೊಂಡರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರು. ಇನ್ನೊಂದು ಕಡೆ ಆಲಮಟ್ಟಿಯ ಹಿನ್ನೀರು ಬೀಳಗಿ ಭಾಗದ ಹೊಲ, ಊರುಗಳನ್ನು ನುಂಗಿತು. ಪುನರ್ವಸತಿ ಕೇಂದ್ರಗಳಿಗೆ ಹಂಚಿಹೋದ ಊರುಗಳಲ್ಲಿ ಹಳೆಯ ಏಳೂರಿನ ಸುತ್ತು ಹಾಗೇ ಉಳಿಯುವುದು ಕಷ್ಟ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಜಮಖಂಡಿ, ಮುಧೋಳ ತಾಲ್ಲೂಕಿನ ದಂಡೆಯ ಊರುಗಳು ಮುಳುಗಿದವು. ಮಳೆ ಕೇಳಲು ಹೋಗುವ ದೇವರ ಅಷ್ಟಮಿ ಅದಾಗಿ ಒಂದು ತಿಂಗಳೊಳಗೇ ಬಂತು.

ಕಬ್ಬಿನ ಗದ್ದೆಗೆ ಉತ್ತರಿ ಮಳೆಯ ಹಂಗು ಕಡಿಮೆ. ಮೊರದ ಜೋಳದ ಜಾಗಕ್ಕೆ ಎಷ್ಟೋ ಮನೆಗಳಲ್ಲಿ ರೊಕ್ಕ ಬಂದಿದೆ. ಬೆಣ್ಣೆ ಕಡೆಯುವ ಮನೆಗಳೇ ಕಡಿಮೆಯಾಗಿವೆ. ಹಾಡುಗಳಿಗೆ ಬಂದ ಪೆಟ್ಟು ಎಲ್ಲಕ್ಕಿಂತ ದೊಡ್ಡದು, ಏಕೆಂದರೆ ಅವು ಬರಹದಲ್ಲಿಲ್ಲ, ಹೊತ್ತು ತಿರುಗುವಾಗ ಕಿವಿಯಿಂದ ಕಿವಿಗೆ ಬಂದವು. ಪಕ್ಕದ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಜನಪದ ಹಾಡುಗಳ ಸಂಗ್ರಹ ಹೊರತಂದಾಗ ಹೆಂಗಸರ ಹಾಡಿನ ಬೆಲೆ ನಾಡಿಗೆ ತಿಳಿಯಿತು. ಜೋಕುಮಾರನ ಹಾಡುಗಳಿಗೂ ಅಂಥ ಕಿವಿ ಊರೂರಿನಲ್ಲಿ ಬೇಕಾಗಿದೆ. ಒಂದೂರಿನ ಪಾಠ ಇನ್ನೊಂದೂರಿನದಲ್ಲ. ಹಾಡಬಲ್ಲ ಹಿರಿಯಳು ತೀರಿಕೊಂಡರೆ ಆ ಊರಿನ ಜೋಕುಮಾರನ ಕಥೆಯೇ ಮುಗಿದಂತೆ.

ಆದರೂ ರಬಕವಿ, ಬನಹಟ್ಟಿಯ ನೇಕಾರ ಓಣಿಗಳಲ್ಲಿ, ಜಮಖಂಡಿಯ ಹಳೆಯ ಪೇಟೆಯ ಸುತ್ತ, ಮುಧೋಳ, ಬೀಳಗಿಯ ಹಳ್ಳಿಗಳಲ್ಲಿ ಭಾದ್ರಪದದ ಅಷ್ಟಮಿಗೆ ಬುಟ್ಟಿ ಹೊರಡುವುದು ನಿಂತಿಲ್ಲ. ಹೊರುವ ಮನೆತನಗಳ ಹೆಂಗಸರಲ್ಲಿ ಹಲವರು ಉಳಿದ ದಿನ ಕೂಲಿಗೆ ಹೋಗುವವರು. ಏಳು ದಿನದ ಕೂಲಿ ಬಿಟ್ಟು ಅವರು ಈ ಸರದಿ ನಡೆಸುತ್ತಾರೆ. ನೀರಾವರಿ ಇಲ್ಲದ ಎರಿಹೊಲದ ಒಕ್ಕಲುಗಳು ಇಂದಿಗೂ ನುಚ್ಚು ಕಟ್ಟಿಕೊಂಡು ಹೊಲಕ್ಕೆ ಒಯ್ಯುತ್ತಾರೆ. ಅವರ ಬಿಳಿಜೋಳ ಇಂದಿಗೂ ಆ ಒಂದು ತಿಂಗಳ ಮಳೆಯನ್ನೇ ನಂಬಿಕೊಂಡಿದೆ.